ಮೊದಲು ಯಾರು, ಆಮೇಲೆ ಯಾರು? ಸಾಲು ಜೋಡಿಸುವ ಕೆಲಸಕ್ಕೇ ಬದುಕು ಕೊಟ್ಟ ರಂಗನಾಥನ್

ಸರ್ಕಾರಿ ಅರ್ಜಿಯೊಂದನ್ನು ಆನ್‌ಲೈನಿನಲ್ಲಿ ತುಂಬೋಕೆ ಕೂತಾಗ ನಿಮಗೂ ಈ ಅನುಭವ ಆಗಿರಬಹುದು. ಪಟ್ಟಿಯೊಂದು ತೆರೆದುಕೊಳ್ಳುತ್ತೆ. ಮೇಲಿಂದ ಕೆಳಗೆ ಎಷ್ಟು ಹುಡುಕಿದರೂ ನಿಮ್ಮ ಜಾತಿಯೋ, ಮನೆಮಾತೋ, ಕಸುಬೋ ಅದರಲ್ಲಿ ಇರೋದಿಲ್ಲ. ಕಟ್ಟಕಡೆಯಲ್ಲಿ ‘ಇತರೆ’ ಅಂತ ಒಂದಿರುತ್ತೆ. ಅದನ್ನೇ ಒತ್ತಿ ಮುಂದಕ್ಕೆ ಹೋಗ್ತೀವಿ. ಪಟ್ಟಿ ಮಾಡಿದವರಿಗೆ ನಮ್ಮ ಮೇಲೆ ಹಗೆ ಇತ್ತು ಅಂತಲೇ ಹೇಳಬೇಕಿಲ್ಲ. ಅವರು ಕೂತು ಬರೆಯುವಾಗ ನಾವು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲಾದರೂ ಸೇರಿಸೋಣ ಅಂದರೆ ನಡುವೆ ಜಾಗ ಬಿಟ್ಟಿರಲಿಲ್ಲ.

ಹೀಗೆ ಜಾಗ ಬಿಡದೆ ಪಟ್ಟಿ ಮಾಡುವುದರ ವಿರುದ್ಧ ಹೆಚ್ಚೂಕಮ್ಮಿ ಐವತ್ತು ವರ್ಷ ಗುದ್ದಾಡಿದ ಗಣಿತದ ಮೇಷ್ಟ್ರು ಒಬ್ಬರಿದ್ದರು. ಶಿಯಾಳಿ ರಾಮಾಮೃತ ರಂಗನಾಥನ್. ಗ್ರಂಥಾಲಯ ವಿಜ್ಞಾನ ಓದಿದವರಿಗೆ ಅವರ ಹೆಸರು ಪರೀಕ್ಷೆಗೆ ಗ್ಯಾರಂಟಿ ಬರುವ ಪ್ರಶ್ನೆ. ಉಳಿದವರಿಗೆ ಪ್ರತಿ ಆಗಸ್ಟ್ 12ರಂದು, ಗ್ರಂಥಪಾಲಕರ ದಿನ ಅಂತ ಲೈಬ್ರರಿಯಲ್ಲಿ ಹಾರ ಹಾಕುವ ಒಂದು ಫೋಟೋ. ಬದುಕಿನ ಕೊನೆಯ ಹದಿನೈದು ವರ್ಷ ಅವರು ಬೆಂಗಳೂರಿನಲ್ಲೇ ಇದ್ದರು, ಇಲ್ಲೇ ತೀರಿಕೊಂಡರು ಅನ್ನೋದು ಬೆಂಗಳೂರಿನವರಲ್ಲೇ ಬಹಳ ಮಂದಿಗೆ ಗೊತ್ತಿಲ್ಲ.

ನಾನು ಡೇಟಾಬೇಸ್ ಕೆಲಸ ಮಾಡುವವನು. ನನಗೆ ರಂಗನಾಥನ್ ಪರಿಚಯ ಆಗಿದ್ದು ಪುಸ್ತಕಗಳ ಕಡೆಯಿಂದಲ್ಲ, ಇಂಡೆಕ್ಸ್‌ಗಳ ಕಡೆಯಿಂದ. ಆ ದಾರಿಯಲ್ಲೇ ಅವರ ಕತೆ ಹೇಳ್ತೀನಿ.

ಮಂಗಳೂರಿನಿಂದ ಲಂಡನ್‌ಗೆ

ಹುಟ್ಟಿದ್ದು 1892ರ ಆಗಸ್ಟಿನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಈಗ ಅದನ್ನು ಸೀರ್ಕಾಳಿ ಅಂತಾರೆ. ಆರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿದರು. ಮಾತಾಡುವಾಗ ಉಗ್ಗು ಇತ್ತು, ಅದನ್ನು ಮೀರಿ ಮೇಷ್ಟ್ರಾದರು. 1917ರಲ್ಲಿ ಮೊದಲ ನೌಕರಿ ಸಿಕ್ಕಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿಂದ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಗಣಿತದ ನಂಟು ಅವರನ್ನು ಕೊನೇವರೆಗೂ ಬಿಡಲಿಲ್ಲ. 1967ರಲ್ಲಿ ಶ್ರೀನಿವಾಸ ರಾಮಾನುಜನ್ ಬಗ್ಗೆ ಒಂದು ಪುಸ್ತಕವನ್ನೂ ಬರೆದರು.

1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಸಂಬಳ ಮೇಷ್ಟ್ರ ಸಂಬಳಕ್ಕಿಂತ ಚೆನ್ನಾಗಿತ್ತು, ಆದರೆ ಕೆಲಸ ಬೇಸರ ತರಿಸಿತು. ಓದುವವರಿಲ್ಲ, ಪಾಠ ಕೇಳುವ ಹುಡುಗರಿಲ್ಲ, ದೊಡ್ಡ ಕೋಣೆಯಲ್ಲಿ ಒಬ್ಬರೇ. ಕೆಲವೇ ದಿನಕ್ಕೆ, ನನ್ನನ್ನು ಕಾಲೇಜಿಗೇ ವಾಪಸ್ ಕಳಿಸಿ ಅಂತ ದುಂಬಾಲು ಬಿದ್ದರು. ಮೊದಲು ಲಂಡನ್‌ಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅಂತ ಅಧಿಕಾರಿಗಳು ಒಂದು ಒಪ್ಪಂದಕ್ಕೆ ಬಂದರು. ಹೋದರು. ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅನ್ನೋರು ವರ್ಗೀಕರಣ ಕಲಿಸುತ್ತಿದ್ದರು. ಕ್ರಾಯ್ಡನ್‌ನಂಥ ಕಡೆ ಕೂಲಿಕಾರರು, ಮಕ್ಕಳು, ಹೆಂಗಸರು ಸಾರ್ವಜನಿಕ ಗ್ರಂಥಾಲಯಕ್ಕೆ ಬಂದು ಓದುವುದನ್ನು ಅಲ್ಲಿ ಕಂಡರು. ಲೈಬ್ರರಿ ಅಂದರೆ ಪುಸ್ತಕಕ್ಕೆ ಬೀಗ ಹಾಕಿ ಕಾಯೋ ಕೆಲಸ ಅಲ್ಲ ಅನ್ನೋದು ಆಗ ಮನಸ್ಸಿಗೆ ಇಳಿಯಿತು. ಕಾಲೇಜಿಗೆ ವಾಪಸ್ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಆದರೆ ಅಲ್ಲಿಯ ಲೈಬ್ರರಿಗಳಲ್ಲಿ ಒಂದು ವಿಷಯ ಅವರನ್ನು ಕೊರೆಯುತ್ತಿತ್ತು. ಅದೇ ಪುಸ್ತಕಗಳ ಸಾಲು.

ಡ್ಯೂಯಿ ಕಟ್ಟಿದ ಪಟ್ಟಿ

ಆಗ ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ಲೋಕದ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡು, ಒಂದೊಂದನ್ನೂ ಮತ್ತೆ ಹತ್ತು ಮಾಡು, ಅದನ್ನೂ ಹತ್ತು ಮಾಡು. ಆಳಕ್ಕೆ ಎಷ್ಟು ಬೇಕಾದರೂ ಇಳಿಯಬಹುದು. ಆದರೆ ಅಕ್ಕಪಕ್ಕದಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಜಾಗ ಇಲ್ಲ. ಹಾಗಾದರೆ ಆ ಹತ್ತು ಕುರ್ಚಿ ಯಾರಿಗೆ?

ಧರ್ಮಕ್ಕೆ ಕೊಟ್ಟಿದ್ದು 200ರಿಂದ 299. ಅದರಲ್ಲಿ 220ರಿಂದ 280ರ ತನಕದ ಸಾಲೆಲ್ಲ ಬೈಬಲ್ಲು ಮತ್ತು ಕ್ರೈಸ್ತ ಧರ್ಮದ ಪಾಲು. ಬೌದ್ಧ, ಜೈನ, ಹಿಂದೂ, ಇಸ್ಲಾಂ, ಯಹೂದಿ, ಸಿಖ್ ಎಲ್ಲರೂ ಸೇರಿ 290ರಲ್ಲಿ. ಅದು ಆ ಪಟ್ಟಿಯ ‘ಇತರೆ’. ಹೆಂಗಸರ ಬಗ್ಗೆ ಬರೆದ ಪುಸ್ತಕಗಳಿಗೆ ಸಿಕ್ಕಿದ್ದು 396. ಅದು ರೀತಿನೀತಿ, ಆಚಾರ ವಿಚಾರಗಳ ವಿಭಾಗ. ಪಕ್ಕದ 395 ಶಿಷ್ಟಾಚಾರದ್ದು. ಡ್ಯೂಯಿಯ ಜನಾಂಗೀಯ ದ್ವೇಷ, ಹೆಂಗಸರ ಜೊತೆಗಿನ ಕೆಟ್ಟ ನಡವಳಿಕೆ ಕಾರಣಕ್ಕೆ ಅಮೆರಿಕದ ಗ್ರಂಥಾಲಯ ಸಂಘ 2019ರಲ್ಲಿ ತನ್ನ ಪದಕದಿಂದ ಅವರ ಹೆಸರು ಕಿತ್ತುಹಾಕಿತು. ಆದರೆ ಹೆಸರು ತೆಗೆಯೋದು ಸುಲಭ. ಲಕ್ಷಾಂತರ ಪುಸ್ತಕಗಳ ಬೆನ್ನಿಗೆ ಅಂಟಿಸಿದ ನಂಬರ್ ತೆಗೆಯೋದು ಹೇಗೆ?

ರಂಗನಾಥನ್ ತಕರಾರು ಇನ್ನೂ ಬುಡದ್ದು. ಹತ್ತು ಕುರ್ಚಿಯನ್ನು ಒಳ್ಳೇ ಮನಸ್ಸಿನಿಂದ ಹಂಚಿದ್ದರೂ ಸಮಸ್ಯೆ ತೀರುತ್ತಿರಲಿಲ್ಲ. ನಾಳೆ ಹನ್ನೊಂದನೆಯವರು ಬಾಗಿಲಿಗೆ ಬರುತ್ತಾರೆ. ಲೋಕದ ವಿಷಯಗಳನ್ನೆಲ್ಲ ಮೊದಲೇ ಎಣಿಸಿ ಬರೆದಿಡುತ್ತೇನೆ ಅನ್ನೋ ಹಟವೇ ತಪ್ಪು ಅಂತ ಅವರಿಗೆ ಅನ್ನಿಸಿತ್ತು.

ಉತ್ತರ ಸಿಕ್ಕಿದ್ದು ಆಟಿಕೆ ಅಂಗಡಿಯಲ್ಲಿ. ಲಂಡನ್ನಿನ ಸೆಲ್‌ಫ್ರಿಜಸ್ ಮಳಿಗೆಯಲ್ಲಿ ಮೆಕ್ಯಾನೊ ಅನ್ನೋ ಆಟಿಕೆ ಮಾರುತ್ತಿದ್ದರು. ತೂತಿರುವ ಪಟ್ಟಿಗಳು, ಚಕ್ರ, ನಟ್ಟು, ಬೋಲ್ಟು. ಅದೇ ತುಂಡುಗಳನ್ನು ಜೋಡಿಸಿ ಒಮ್ಮೆ ಗಾಡಿ ಮಾಡಬಹುದು, ಬಿಚ್ಚಿ ಸೇತುವೆ ಮಾಡಬಹುದು, ಇನ್ನೊಮ್ಮೆ ಕ್ರೇನು. ಪೆಟ್ಟಿಗೆಯಲ್ಲಿ ಸಿದ್ಧ ಗಾಡಿ ಇಲ್ಲ. ಬಿಡಿಭಾಗ ಇದೆ, ಜೋಡಿಸುವ ನಿಯಮ ಇದೆ. ವಿಷಯಗಳನ್ನೂ ಹೀಗೇ ಬಿಡಿಸಬಹುದಲ್ಲ ಅಂತ ಅವರಿಗೆ ಹೊಳೆಯಿತು. ಬಿಡಿಭಾಗಗಳನ್ನು ಕೂಡಿಸುವ ಬೋಲ್ಟು ಅಂದರೆ ಎರಡು ಚುಕ್ಕೆಯ ಕೋಲನ್ ಚಿಹ್ನೆ. 1933ರಲ್ಲಿ ‘ಕೋಲನ್ ಕ್ಲಾಸಿಫಿಕೇಷನ್’ ಪುಸ್ತಕವಾಗಿ ಬಂತು.

ಕ್ಷಯರೋಗದ ಪುಸ್ತಕ ಎಲ್ಲಿಡೋದು?

ಪಠ್ಯಪುಸ್ತಕಗಳಲ್ಲೆಲ್ಲ ಬರುವ ಒಂದು ಉದಾಹರಣೆ ಇದೆ. 1950ರ ದಶಕದಲ್ಲಿ ಭಾರತದಲ್ಲಿ ನಡೆದ, ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆ ಕುರಿತ ಸಂಶೋಧನೆ. ಇದರ ನಂಬರ್ ಹೀಗಿರುತ್ತೆ: ಎಲ್,45;421:6;253:ಎಫ್.44'ಎನ್5. ನೋಡಿದರೆ ತಲೆ ತಿರುಗುತ್ತೆ, ಬಿಡಿಸಿದರೆ ಸರಳ. ಎಲ್ ಅಂದರೆ ವೈದ್ಯಕೀಯ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್-ರೇ, ಎಫ್ ಸಂಶೋಧನೆ, 44 ಭಾರತ, ಎನ್5 ಅಂದರೆ ಆ ದಶಕ. ಈ ಇಡೀ ನಂಬರ್ ಯಾವ ಪಟ್ಟಿಯಲ್ಲೂ ಮೊದಲೇ ಇರಲಿಲ್ಲ. ಬಿಡಿಭಾಗಗಳು ಇದ್ದವು, ಲೈಬ್ರರಿಯವರೇ ಕೂಡಿಸಿಕೊಂಡರು. ನಾಳೆ ಹೊಸ ರೋಗ ಬಂದರೆ ಒಂದು ಬಿಡಿಭಾಗ ಸೇರಿಸಿದರೆ ಸಾಕು. ಎಲ್ಲ ಅಂಗಗಳ ಜೊತೆ, ಎಲ್ಲ ದೇಶಗಳ ಜೊತೆ ಅದು ತಾನಾಗಿ ಹೊಂದಿಕೊಳ್ಳುತ್ತೆ.

ಮೊದಮೊದಲು ಬೋಲ್ಟು ಒಂದೇ ಥರದ್ದಿತ್ತು. 1952ರ ನಾಲ್ಕನೇ ಆವೃತ್ತಿ ಹೊತ್ತಿಗೆ ಅದು ಸಾಲದು ಅನ್ನಿಸಿ, ಯಾವ ವಿಷಯಕ್ಕಾದರೂ ಐದು ಮುಖ ಇರುತ್ತೆ ಅಂತ ಗೊತ್ತುಮಾಡಿದರು. ವಿಷಯದ ಜೀವಾಳವಾದ ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ದೇಶ, ಕಾಲ. ಅಲ್ಪವಿರಾಮ, ಅರ್ಧವಿರಾಮ, ಕೋಲನ್, ಚುಕ್ಕೆ ಅಂತ ಬೇರೆಬೇರೆ ಮುಖಕ್ಕೆ ಬೇರೆಬೇರೆ ಚಿಹ್ನೆ ಕೊಟ್ಟರು. ಇವತ್ತು ಫ್ಲಿಪ್‌ಕಾರ್ಟ್‌ನಲ್ಲಿ ಚಪ್ಪಲಿ ಹುಡುಕುವಾಗ ಎಡಗಡೆ ಬ್ರ್ಯಾಂಡು, ಬಣ್ಣ, ಸೈಜು, ಬೆಲೆ ಅಂತ ಬರುತ್ತಲ್ಲ, ಅದನ್ನು ಇಂಗ್ಲಿಷಿನಲ್ಲಿ ಫ್ಯಾಸೆಟ್ ಸರ್ಚ್ ಅಂತಾರೆ. ವರ್ಗೀಕರಣದಲ್ಲಿ ಫ್ಯಾಸೆಟ್ ಪದವನ್ನು ಈ ಅರ್ಥದಲ್ಲಿ ಬೇರೂರಿಸಿದ್ದು ಇದೇ ರಂಗನಾಥನ್.

ಆದರೆ ಒಂದು ಸಮಸ್ಯೆ ಹಾಗೇ ಉಳಿಯುತ್ತೆ, ಅದೇ ನಿಜವಾದ ಸಮಸ್ಯೆ. ವಿಷಯಕ್ಕೆ ಐದಾರು ಮುಖ ಇರಬಹುದು, ಶೆಲ್ಫಿಗೆ ಇರೋದು ಒಂದೇ ಸಾಲು. ಅಂಗ ಮೊದಲು, ರೋಗ ಆಮೇಲೆ ಅಂತ ಇಟ್ಟರೆ ಶ್ವಾಸಕೋಶದ ಪುಸ್ತಕಗಳೆಲ್ಲ ಒಟ್ಟಿಗೆ ಕೂರುತ್ತವೆ. ಆದರೆ ಕ್ಷಯದ ಪುಸ್ತಕಗಳು ಚೆಲ್ಲಾಪಿಲ್ಲಿ: ಶ್ವಾಸಕೋಶದ ಕ್ಷಯ ಒಂದು ಕಡೆ, ಮೂಳೆಯ ಕ್ಷಯ ಇನ್ನೊಂದು ಕಡೆ. ರೋಗ ಮೊದಲು ಅಂತ ಇಟ್ಟರೆ ಉಲ್ಟಾ. ಯಾವ ಮುಖ ಮೊದಲು ಅನ್ನೋ ತೀರ್ಮಾನ ಯಾವ ಓದುಗರ ಕೆಲಸ ಸುಲಭ, ಯಾರು ಅಲೆಯಬೇಕು ಅನ್ನೋ ತೀರ್ಮಾನವೂ ಹೌದು. ಅದನ್ನು ಅಭ್ಯಾಸಬಲಕ್ಕೆ ಬಿಡಬಾರದು, ಕಾರಣ ಹೇಳಬೇಕು ಅಂತ ಅವರು ಪಟ್ಟುಹಿಡಿದರು. ಅವರ ಕಾರಣಗಳಲ್ಲಿ ಒಂದು ಗೋಡೆ ಮತ್ತು ಚಿತ್ರದ್ದು. ಗೋಡೆ ಇಲ್ಲದೆ ಚಿತ್ರ ಬಿಡಿಸೋಕಾಗಲ್ಲ, ಹಾಗಾಗಿ ಗೋಡೆ ಮೊದಲು. ಅಂಗ ಇಲ್ಲದೆ ಅದಕ್ಕೆ ರೋಗ ಬರೋಕಾಗಲ್ಲ, ಹಾಗಾಗಿ ಅಂಗ ಮೊದಲು.

ಸರಿ, ಕ್ಷಯ ಅಂತಲೇ ಹುಡುಕಿಕೊಂಡು ಬಂದವರ ಗತಿ? ಐದು ಮುಖ ಇದ್ದರೆ ಅವನ್ನು 120 ರೀತಿ ಜೋಡಿಸಬಹುದು. ಒಂದೊಂದು ಪುಸ್ತಕಕ್ಕೂ 120 ಕಾರ್ಡು ಬರೆಯೋಕಾಗುತ್ತಾ? ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಪಳಿ ಸೂಚಿ. ನಂಬರಿನ ಕೊನೇ ಕೊಂಡಿಯಿಂದ ಹಿಂದಕ್ಕೆ ಬರುತ್ತಾ ಒಂದೊಂದು ಕೊಂಡಿಗೆ ಒಂದೊಂದು ನಮೂದು. ಅದನ್ನು ಅಕ್ಷರಾನುಕ್ರಮದಲ್ಲಿ ಇಟ್ಟುಬಿಡೋದು. ಕ್ಷಯ ಅಂತ ನೋಡಿದವರಿಗೆ ಶ್ವಾಸಕೋಶದ್ದು ಇಲ್ಲಿದೆ, ಮೂಳೆಯದು ಅಲ್ಲಿದೆ ಅಂತ ದಾರಿ ಸಿಗುತ್ತೆ. ಎಷ್ಟು ಕೊಂಡಿಯೋ ಅಷ್ಟೇ ಕಾರ್ಡು. ಶೆಲ್ಫಿನ ಸಾಲು ಕೈಬಿಟ್ಟ ಓದುಗರನ್ನು ಸೂಚಿ ಕೈಹಿಡಿಯುತ್ತೆ.

ಕಂಪ್ಯೂಟರ್‌ನೊಳಗೂ ಅದೇ ಜಗಳ

ಡೇಟಾಬೇಸ್ ಗೊತ್ತಿದ್ದವರು ಇಷ್ಟು ಹೊತ್ತಿಗೆ ನಗುತ್ತಿರಬೇಕು. ಅಂಗ, ರೋಗ ಅನ್ನೋ ಎರಡು ಕಾಲಂ ಸೇರಿಸಿ ಒಂದು ಬಿ-ಟ್ರೀ ಇಂಡೆಕ್ಸ್ ಮಾಡಿದರೆ ಅಂಗದ ಪ್ರಕಾರ, ಅಥವಾ ಅಂಗ ಆಮೇಲೆ ರೋಗದ ಪ್ರಕಾರ ಸಾಲಾಗಿ ಕೊಡು ಅಂದಾಗ ಅದು ತಟ್ಟನೆ ಕೊಡುತ್ತೆ. ಬರೀ ರೋಗದ ಪ್ರಕಾರ ಕೊಡು ಅಂದರೆ ಆ ಸಾಲು ಕೆಲಸಕ್ಕೆ ಬರೋದಿಲ್ಲ. ಎಲ್ಲವನ್ನೂ ತೆಗೆದು ಹೊಸದಾಗಿ ಜೋಡಿಸಬೇಕು.

ಈ ತೀರ್ಮಾನ ಮಾಡೋದು ಕ್ವೆರಿ ಪ್ಲಾನರ್ ಅನ್ನೋ ಭಾಗ. ನೀವು ಕೇಳಿದ ಪ್ರಶ್ನೆಗೆ ಯಾವ ದಾರಿಯಲ್ಲಿ ಹೋದರೆ ಖರ್ಚು ಕಡಿಮೆ ಅಂತ ಲೆಕ್ಕ ಹಾಕುವ ಗುಮಾಸ್ತ ಅಂದುಕೊಳ್ಳಿ. ಬರೀ ವೇಗ ನೋಡಿದರೆ ಸಾಲದು, ಈ ದಾರಿಯಲ್ಲಿ ಬಂದರೆ ಉತ್ತರ ಯಾವ ಕ್ರಮದಲ್ಲಿ ಸಿಗುತ್ತೆ ಅನ್ನೋದೂ ಲೆಕ್ಕಕ್ಕೆ ಬರಬೇಕು ಅಂತ 1979ರಲ್ಲಿ ಐಬಿಎಂನ ಸಿಸ್ಟಂ ಆರ್ ತಂಡ, ಪೆಟ್ರೀಷಿಯಾ ಸೆಲಿಂಜರ್ ಮತ್ತು ಜೊತೆಗಾರರು, ತೋರಿಸಿಕೊಟ್ಟರು. 1980ರ ದಶಕದ ನಡುವಿನಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರುಮಾಡಿದ ಪೋಸ್ಟ್‌ಗ್ರೆಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಂಬರು, ಅಕ್ಷರ, ದಿನಾಂಕ ಇಷ್ಟೇ ಲೋಕ ಅಂತ ಅಂದುಕೊಳ್ಳಬೇಡಿ. ನಾಳೆ ಯಾರೋ ನಕ್ಷೆ ತರುತ್ತಾರೆ, ಇನ್ಯಾರೋ ಮತ್ತೇನೋ ತರುತ್ತಾರೆ. ಅವರ ವಸ್ತುವಿಗೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ನಿಯಮವನ್ನು ಅವರೇ ಹೇಳಲಿ.

ಹಾಗಾಗಿ ಪ್ಲಾನರ್ ತಾನಾಗಿ ಯಾವ ಕ್ರಮವನ್ನೂ ಊಹಿಸಬಾರದು. ಇಂಡೆಕ್ಸನ್ನು ಕೇಳಬೇಕು: ನೀನು ಸಾಲಾಗಿ ಕೊಡಬಲ್ಲೆಯಾ? ಯಾವ ನಿಯಮದ ಪ್ರಕಾರ? ಬಿ-ಟ್ರೀ ಹೌದು ಅನ್ನುತ್ತೆ. ಹ್ಯಾಶ್ ಇಂಡೆಕ್ಸ್ ನನ್ನಲ್ಲಿ ಕ್ರಮವೇ ಇಲ್ಲ ಅನ್ನುತ್ತೆ. ಜಿಸ್ಟ್ ಅನ್ನೋ ಬಗೆಯದು, ದೊಡ್ಡದು ಚಿಕ್ಕದು ಗೊತ್ತಿಲ್ಲ, ಆದರೆ ನೀನು ನಿಂತ ಜಾಗಕ್ಕೆ ಹತ್ತಿರದ್ದು ಮೊದಲು ಅಂತ ಬೇಕಾದರೆ ಕೊಡ್ತೀನಿ ಅನ್ನಬಲ್ಲದು. ಒಳಗಿನ ಕಸುಬು ಪ್ಲಾನರ್‌ಗೆ ಬೇಕಿಲ್ಲ. ಘೋಷಣೆ ಸಾಕು, ಆ ಘೋಷಣೆಗೆ ಇಂಡೆಕ್ಸ್ ತಪ್ಪದೆ ನಡೆದುಕೊಂಡರೆ ಸಾಕು. ಬರ್ಕ್ಲಿಯವರು ರಂಗನಾಥನ್‌ರನ್ನು ಓದಿದ್ದರು ಅಂತ ನಾನು ಹೇಳುತ್ತಿಲ್ಲ. ಎರಡೂ ಕಡೆಯವರು ಒಂದೇ ಗೋಡೆಗೆ ಡಿಕ್ಕಿ ಹೊಡೆದರು ಅಂತಷ್ಟೇ ಹೇಳ್ತಿದ್ದೀನಿ.

ಸಾಲಿನ ನಿಯಮ ಸಹಜ ಅಂತ ಯಾರೂ ಅಂದುಕೊಳ್ಳಬಾರದು ಅನ್ನೋದಕ್ಕೆ ರಂಗನಾಥನ್ ಪದ್ಧತಿಯಲ್ಲೇ ಒಳ್ಳೇ ಉದಾಹರಣೆ ಇದೆ. ಕೃಷಿಗೆ ದೊಡ್ಡಕ್ಷರದ ಜೆ. ಕೃಷಿ ಪುಸ್ತಕಗಳ ಪಟ್ಟಿಗೆ ಅದರ ಮುಂದೆ ಸಣ್ಣಕ್ಷರದ ಎ. ಇಂಗ್ಲಿಷ್ ನಿಘಂಟಿನ ಲೆಕ್ಕದಲ್ಲಿ ಬರೀ ಜೆ ಮೊದಲು, ಆಮೇಲೆ ಜೆಎ. ಅವರು ಉಲ್ಟಾ ಮಾಡಿದರು. ವಿಷಯಕ್ಕೆ ಕಾಲಿಡುವವರಿಗೆ ಮೊದಲು ಪುಸ್ತಕಗಳ ಪಟ್ಟಿ ಸಿಗಲಿ, ಆಮೇಲೆ ವಿಷಯ. ಯಾವ ಚಿಹ್ನೆ ಯಾವುದಕ್ಕಿಂತ ಮೊದಲು ಅಂತ ಒಂದೊಂದಕ್ಕೂ ಬೆಲೆ ಕಟ್ಟಿದರು. ಅಲ್ಪವಿರಾಮಕ್ಕೂ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ನಮ್ಮ ನಿಘಂಟಿನಲ್ಲಿ ಬಸವ ಮೊದಲು, ಬಳೆ ಆಮೇಲೆ, ಯಾಕಂದರೆ ಳ ಬರೋದು ಹ ಆದ ಮೇಲೆ. ಆದರೆ ಯೂನಿಕೋಡಿನಲ್ಲಿ ಅಕ್ಷರಗಳಿಗೆ ಕೊಟ್ಟ ಸಂಖ್ಯೆಯಲ್ಲಿ ಳ ಕೂತಿರೋದು ಲ ಪಕ್ಕದಲ್ಲಿ, ವ ಬರೋಕೂ ಮುಂಚೆ. ಭಾರತದ ಲಿಪಿಗಳಿಗೆಲ್ಲ ದೇವನಾಗರಿಯ ಅಚ್ಚಿನಲ್ಲೇ ಮನೆ ಹಂಚಿದ್ದರ ಫಲ ಇದು. ಹಾಗಾಗಿ ಬರೀ ಸಂಖ್ಯೆ ನೋಡಿ ಜೋಡಿಸುವ ಕಂಪ್ಯೂಟರ್ ಬಳೆಯನ್ನು ಬಸವನಿಗಿಂತ ಮುಂದೆ ತಂದು ನಿಲ್ಲಿಸುತ್ತೆ. ಕನ್ನಡದ ಕ್ರಮ ಬೇಕು ಅಂದರೆ ಆ ನಿಯಮವನ್ನು ಬೇರೆಯಾಗಿ ಹೇಳಬೇಕು, ಇಂಡೆಕ್ಸನ್ನೂ ಅದೇ ನಿಯಮದಲ್ಲಿ ಕಟ್ಟಬೇಕು. ಇಲ್ಲಾಂದ್ರೆ ಪ್ಲಾನರ್ ಆ ಇಂಡೆಕ್ಸಿನ ಸಾಲನ್ನು ಮುಟ್ಟೋದಿಲ್ಲ. ಮುಟ್ಟಬಾರದು ಕೂಡ. ಹೀಗೆ ನಿಯಮ ಹೇಳೋಕೆ ಒಂದು ಕಿಂಡಿ ಬಿಟ್ಟಿದ್ದರಿಂದ ನಾವು ಬಚಾವು.

ಒಂಬತ್ತು ಎಂಬ ಖಾಲಿ ಕುರ್ಚಿ

ಈಗ ಹನ್ನೊಂದನೆಯವರ ವಿಷಯಕ್ಕೆ ಬರೋಣ. ರಂಗನಾಥನ್ ಮಾಡಿದ್ದು ತೀರಾ ಸಣ್ಣ ಚಮತ್ಕಾರ. 1ರಿಂದ 8ರವರೆಗೆ ವಿಷಯಕ್ಕೆ ಕೊಡು, 9ನ್ನು ಯಾರಿಗೂ ಕೊಡಬೇಡ. ಎಂಟು ತುಂಬಿದ ಮೇಲೆ ಒಂಬತ್ತನೆಯವರಿಗೆ 91, ಆಮೇಲೆ 92, ಹೀಗೆ 98ರ ತನಕ. ಅದೂ ತುಂಬಿದರೆ 991. ದಶಮಾಂಶದ ಹಾಗೆ ಓದಿದರೆ 8 ಆದ ಮೇಲೆ 91, 98 ಆದ ಮೇಲೆ 991. ಸಾಲು ಕೆಡೋದಿಲ್ಲ, ಹಳೆಯವರ ನಂಬರ್ ಬದಲಾಗೋದಿಲ್ಲ, ಹೊಸಬರು ಯಾರ ಮನೆಯ ಚಾವಡಿಯಲ್ಲೂ ಮಲಗಬೇಕಿಲ್ಲ. ಎಂಟನೆಯವರಿಗೆ ಇರುವ ಸ್ಥಾನಮಾನವೇ 91ಕ್ಕೂ. ಒಂದು ಅಂಕಿಯನ್ನು ಅರ್ಥವಿಲ್ಲದೆ ಖಾಲಿ ಬಿಟ್ಟಿದ್ದಕ್ಕೆ ಇಷ್ಟು ಲಾಭ.

ಇನ್ನೊಂದು ಖಾಲಿ ಜಾಗ ದೇಶಗಳ ಪಟ್ಟಿಯಲ್ಲಿದೆ. ಭಾರತಕ್ಕೆ 44. ಆದರೆ 2 ಅನ್ನೋ ಸಂಖ್ಯೆಯನ್ನು ತಾಯ್ನಾಡಿಗೆ ಅಂತ ಬಿಟ್ಟರು. ಯಾರ ತಾಯ್ನಾಡು? ಯಾವ ದೇಶದ ಲೈಬ್ರರಿಯೋ ಆ ದೇಶದ್ದು. ಪ್ಯಾರಿಸ್ಸಿನಲ್ಲಿ 2 ಅಂದರೆ ಫ್ರಾನ್ಸು, ಮೈಸೂರಿನಲ್ಲಿ ಭಾರತ. ಕೇಂದ್ರದಲ್ಲಿ ಕೂತವರು ಎಲ್ಲರಿಗೂ ಒಂದೇ ಮೊದಲನ್ನು ಗೊತ್ತುಮಾಡುವ ಬದಲು ಮೊದಲಿನ ಜಾಗವನ್ನೇ ಸ್ಥಳೀಯರ ಕೈಗೆ ಕೊಟ್ಟದ್ದು, ಬ್ರಿಟಿಷರ ಆಳ್ವಿಕೆಯಲ್ಲಿ ಬೆಳೆದ ಒಬ್ಬ ಗ್ರಂಥಪಾಲಕರು, ನನಗೆ ಅವರ ಕೆಲಸದಲ್ಲೇ ಅತ್ಯಂತ ರಾಜಕೀಯ ಅನ್ನಿಸುವ ಗೆರೆ.

ಹಾಗಂತ ಅವರ ಸಾಲು ನಿಷ್ಪಕ್ಷಪಾತ ಆಗಿತ್ತಾ? ಇಲ್ಲ. ಧರ್ಮದ ಪಟ್ಟಿ ತೆರೆದು ನೋಡಿ. 1 ವೈದಿಕ, 2 ವೇದೋತ್ತರ ಹಿಂದೂ, 3 ಜೈನ, 4 ಬೌದ್ಧ, 5 ಯಹೂದಿ, 6 ಕ್ರೈಸ್ತ, 7 ಇಸ್ಲಾಂ. 8? ಇತರೆ. ಡ್ಯೂಯಿಯ ಮೇಲಾಟವನ್ನು ಮುರಿದವರು ತಮ್ಮ ಮನೆಯನ್ನು ಮೊದಲ ಎರಡು ನಂಬರಿಗೆ ಹಂಚಿಕೊಂಡರು. ಬುಡಕಟ್ಟುಗಳ ನಂಬಿಕೆ, ನಮ್ಮ ಹಳ್ಳಿಗಳ ಮಾರಮ್ಮ, ಭೂತ, ದೈವಗಳು ಇದರಲ್ಲಿ ಎಲ್ಲಿ ಕೂರಬೇಕು? ತಂಜಾವೂರಿನ ಬ್ರಾಹ್ಮಣ ಮನೆತನದ ಕಣ್ಣಿಗೆ ಸಹಜ ಅನ್ನಿಸಿದ ಕ್ರಮ ಅದು. ವಿಜ್ಞಾನಗಳು ಮುಗಿದು ಕಲೆ, ಸಾಹಿತ್ಯ ಶುರುವಾಗುವ ನಡುಗಡೆ ಅಧ್ಯಾತ್ಮ ಮತ್ತು ಅನುಭಾವಕ್ಕೆ ಅಂತಲೇ ಒಂದು ಮುಖ್ಯ ವರ್ಗ ಮಾಡಿ, ಅದಕ್ಕೆ ಗ್ರೀಕ್ ಡೆಲ್ಟಾ ಅಕ್ಷರ ಕೊಟ್ಟರು. ಟೈಪ್‌ರೈಟರ್ ಮುಂದೆ ಕೂತವರ ಪಾಡು ದೇವರಿಗೇ ಪ್ರೀತಿ. ಡ್ಯೂಯಿಗೂ ಇವರಿಗೂ ವ್ಯತ್ಯಾಸ ಇಷ್ಟು: ಇವರ ಕ್ರಮವನ್ನು ಪ್ರಶ್ನೆ ಮಾಡೋಕೆ ಬೇಕಾದ ಸಾಮಾನನ್ನು ಇವರೇ ಕೊಟ್ಟು ಹೋದರು.

ಎತ್ತಿನ ಗಾಡಿ ಮತ್ತು ಸೆಸ್

ಸಾಲು ಜೋಡಿಸುವ ಹುಚ್ಚಿನಲ್ಲಿ ಇವರು ಓದುಗರನ್ನು ಮರೆತಿದ್ದರು ಅಂತ ಯಾರೂ ಅನ್ನುವ ಹಾಗಿಲ್ಲ. ಪುಸ್ತಕ ಇರೋದು ಬಳಸೋಕೆ, ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಓದುಗರು ಸಿಗಬೇಕು, ಓದುಗರ ಸಮಯ ಉಳಿಸಬೇಕು, ಲೈಬ್ರರಿ ಬೆಳೆಯುತ್ತಲೇ ಇರುವ ಜೀವಿ. 1931ರಲ್ಲಿ ಬಂದ ಅವರ ಐದು ಸೂತ್ರಗಳ ಸಾರ ಇದು. ಮದ್ರಾಸಿನಲ್ಲಿ ಓದುಗರು ನೇರವಾಗಿ ಶೆಲ್ಫಿನ ಹತ್ತಿರ ಹೋಗಿ ಪುಸ್ತಕ ತೆಗೆಯುವ ಹಾಗೆ ಮಾಡಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಕಟ್ಟಿದರು. 1931ರಲ್ಲೇ ಮನ್ನಾರ್‌ಗುಡಿ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು, ಅದರ ಉದ್ಘಾಟನೆಗೆ ಇವರೇ ಹೋಗಿದ್ದರು.

ದಾನಿಗಳ ದಯೆಯಿಂದ ನಡೆಯೋ ಲೈಬ್ರರಿ ಇವರಿಗೆ ಬೇಕಿರಲಿಲ್ಲ. ಕಾನೂನು ಬೇಕು, ಅದಕ್ಕೆ ಅಂತಲೇ ತೆರಿಗೆ ಬೇಕು ಅಂತ 1930ರಲ್ಲೇ ಒಂದು ಮಾದರಿ ಮಸೂದೆ ಮಂಡಿಸಿದ್ದರು. ಮದ್ರಾಸಿನಲ್ಲಿ ಕಾಯ್ದೆ ಬಂದಿದ್ದು 1948ರಲ್ಲಿ. ನಮ್ಮ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು, ಅದರ ಹಿಂದೆಯೂ ಇವರ ಕೈ ಇತ್ತು. ಆಸ್ತಿ ತೆರಿಗೆಯ ಜೊತೆ ಈಗ ನೂರಕ್ಕೆ ಆರರಂತೆ ಕಟ್ಟುವ ಗ್ರಂಥಾಲಯ ಸೆಸ್ ಆ ಕಾಯ್ದೆಯದೇ ಕೂಸು. ಆ ಹಣ ವಸೂಲಿಯಾದ ಮೇಲೆ ಗ್ರಂಥಾಲಯಗಳಿಗೆ ಸರಿಯಾಗಿ ತಲುಪುತ್ತಿಲ್ಲ ಅನ್ನೋ ದೂರು ವರ್ಷವರ್ಷವೂ ಕೇಳಿಬರುತ್ತೆ. ಮುಂದಿನ ಸಲ ರಸೀದಿ ಕೈಗೆ ಬಂದಾಗ ಆ ಸಾಲನ್ನೊಮ್ಮೆ ನೋಡಿ, ನಿಮ್ಮ ವಾರ್ಡಿನ ಲೈಬ್ರರಿ ಹೇಗಿದೆ ಅಂತಲೂ ನೋಡಿ.

ವೈಯಕ್ತಿಕ ಬದುಕಿನಲ್ಲಿ ಒಗ್ಗದ ಮನುಷ್ಯ. ಮದ್ರಾಸಿನಲ್ಲಿದ್ದ ಇಪ್ಪತ್ತು ವರ್ಷ ರಜೆಯನ್ನೇ ಹಾಕಲಿಲ್ಲ ಅಂತಾರೆ. ಮೊದಲ ಪತ್ನಿ ರುಕ್ಮಿಣಿ 1928ರಲ್ಲಿ ತೀರಿಕೊಂಡರು, ಮರುವರ್ಷ ಶಾರದಾ ಅವರನ್ನು ಮದುವೆಯಾದರು. ಹೊಸ ಕುಲಪತಿಯ ಜೊತೆ ಜಟಾಪಟಿಯಾಗಿ ಮದ್ರಾಸ್ ಬಿಟ್ಟರು. 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ಕೂತು ವರ್ಗೀಕರಿಸಿದರು. ಆಮೇಲೆ ದೆಹಲಿ, ಎರಡು ಮೂರು ವರ್ಷ ಜೂರಿಕ್. 1957ರಲ್ಲಿ, ಪದ್ಮಶ್ರೀ ಬಂದ ವರ್ಷವೇ, ಬೆಂಗಳೂರಿಗೆ ಬಂದು ನೆಲೆಸಿದರು. ಕೂಡಿಟ್ಟ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಶಾರದಾ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠ ಇಡೋಕೆ ಕೊಟ್ಟರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಸರೆಯಲ್ಲಿ ಬೆಂಗಳೂರಿನಲ್ಲೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದರು. ಅದು ಈಗಲೂ ಡಿಆರ್‌ಟಿಸಿ ಹೆಸರಲ್ಲಿ ನಡೆಯುತ್ತಿದೆ.

ಬೆಂಗಳೂರಿನ ವರ್ಷಗಳಲ್ಲೂ ಅವರು ತಮ್ಮ ಪದ್ಧತಿಯನ್ನು ತಿದ್ದುತ್ತಲೇ ಇದ್ದರು. ಅಲ್ಲೇ ಅವರ ಸೋಲೂ ಇತ್ತು. 1933, 1939, 1950, 1952, 1957, 1960. ಆರು ಆವೃತ್ತಿ. ಹೊಸ ಆವೃತ್ತಿಯಲ್ಲಿ ಚಿಹ್ನೆ ಬದಲಾಗಿರುತ್ತಿತ್ತು, ಒಮ್ಮೊಮ್ಮೆ ಚಿಹ್ನೆಗಳ ಬೆಲೆಯೂ. ಪಟ್ಟಿಗೆ ಹೊಸಬರನ್ನು ಸೇರಿಸೋದು ಬೇರೆ, ಯಾವುದು ಮೊದಲು ಅನ್ನೋ ನಿಯಮವನ್ನೇ ಬದಲಿಸೋದು ಬೇರೆ. ಮೊದಲನೆಯದಕ್ಕೆ ಒಂದು ಚೀಟಿ ಅಂಟಿಸಿದರೆ ಸಾಕು. ಎರಡನೆಯದಕ್ಕೆ ಇಡೀ ಲೈಬ್ರರಿಯನ್ನೇ ಕೆಳಗಿಳಿಸಿ ಮತ್ತೆ ಜೋಡಿಸಬೇಕು. 2018ರಲ್ಲಿ ಲಿನಕ್ಸ್‌ನ ಗ್ಲಿಬ್‌ಸಿ ಅನ್ನೋ ಮೂಲ ತಂತ್ರಾಂಶದ 2.28ನೇ ಆವೃತ್ತಿ ಅಕ್ಷರಗಳನ್ನು ಜೋಡಿಸುವ ನಿಯಮ ಬದಲಿಸಿದಾಗ, ಹಳೇ ನಿಯಮದಲ್ಲಿ ಕಟ್ಟಿದ ಪೋಸ್ಟ್‌ಗ್ರೆಸ್ ಇಂಡೆಕ್ಸ್‌ಗಳು ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಸ್ಥಿತಿಗೆ ಬಂದವು. ಸಾಲೂ ಇತ್ತು, ನಿಯಮವೂ ಇತ್ತು, ಒಂದಕ್ಕೊಂದು ತಾಳೆ ಇರಲಿಲ್ಲ. ಎಲ್ಲವನ್ನೂ ಮತ್ತೆ ಕಟ್ಟಬೇಕಾಯಿತು. ಕಂಪ್ಯೂಟರಿಗೆ ಅದು ಕೆಲವು ಗಂಟೆಗಳ ಕೆಲಸ. ಇಬ್ಬರೇ ಸಿಬ್ಬಂದಿ ಇರುವ ಕಾಲೇಜು ಲೈಬ್ರರಿಗೆ?

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ತೀರಿಕೊಂಡರು. ಏಳನೇ ಆವೃತ್ತಿ ಆಗಿನ್ನೂ ಮುಗಿದಿರಲಿಲ್ಲ. ಹದಿನೈದು ವರ್ಷ ಕಳೆದು 1987ರಲ್ಲಿ ಅವರ ಶಿಷ್ಯ ಎಂ.ಎ. ಗೋಪಿನಾಥ್ ಅದನ್ನು ಹೊರತಂದರು. ಇನ್ನಷ್ಟು ಚಿಹ್ನೆ, ಇನ್ನಷ್ಟು ಖಾಲಿ ಕುರ್ಚಿ, ಇನ್ನಷ್ಟು ಉದ್ದದ ನಂಬರು. ಕೋಲನ್ ಪದ್ಧತಿಯ ಗ್ರಂಥಾಲಯಗಳಲ್ಲಿ ಹೆಚ್ಚಿನವು ಅದಕ್ಕೆ ಬದಲಾಗಲಿಲ್ಲ. ಪುಸ್ತಕದ ಬೆನ್ನಿಗೆ ಆರನೇ ಆವೃತ್ತಿಯ ನಂಬರ್ ಚೀಟಿ ಅಂಟಿಸಿಯಾಗಿತ್ತು.